ಕೊಪ್ಪಳದಲ್ಲೇ ಇದ್ದು ಪ್ರೊಡಕ್ಷನ್ ಡಿಸೈನ್ ಆಳವಾಗಿ ಕಲಿಯುವುದು ಹೇಗೆ: ಒಂದು ಕಥೆ, ಎರಡು ಮನೆ, ಒಂದು ಟೇಪು

ಚಿತ್ರ ಬಿಡಿಸೋಕೆ ಬರುತ್ತದೆ, ಊರಿನ ನಾಟಕಕ್ಕೆ ಪರದೆ ಬರೆದಿದ್ದೀರಿ, ಗೆಳೆಯರ ಕಿರುಚಿತ್ರಕ್ಕೆ ಒಂದೆರಡು ಸಲ ಸೆಟ್ ಹಾಕಿದ್ದೀರಿ. ಮುಂದೇನು ಅಂತ ಗೊತ್ತಾಗುತ್ತಿಲ್ಲ. ಈ ಬರಹ ಅಂಥವರಿಗೆ. ಪ್ರೊಡಕ್ಷನ್ ಡಿಸೈನ್ ಅಂದರೆ ಸಿನಿಮಾ, ಸೀರಿಯಲ್ಲಿನ ಕಥೆ ನಡೆಯುವ ಜಾಗ, ಗೋಡೆ, ವಸ್ತು, ಬಣ್ಣ ಎಲ್ಲ ಹೇಗಿರಬೇಕು ಅಂತ ತೀರ್ಮಾನಿಸುವ ಕೆಲಸ. ಬ್ರಶ್ ಹಿಡಿಯೋದು, ಪರ್ಸ್‌ಪೆಕ್ಟಿವ್ ಬಿಡಿಸೋದು ಇಲ್ಲಿ ಹೇಳಿಕೊಡುವುದಿಲ್ಲ. ಅದು ಬರುತ್ತದೆ ಅಂದುಕೊಂಡೇ ಶುರು ಮಾಡುತ್ತೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿ. ಅಡ್ವಾನ್ಸ್ಡ್ ಅಂದ ಕೂಡಲೇ ತುಂಬ ಜನ ಇನ್ನೂ ಚೆಂದದ ಡ್ರಾಯಿಂಗ್, ಇನ್ನೂ ದುಬಾರಿ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ಹಾಗಲ್ಲ. ಗೋಡೆ ಎಷ್ಟು ಎತ್ತರ ಇರಬೇಕು, ಯಾಕೆ ಅಷ್ಟೇ ಸಾಕು, ಅದಕ್ಕೆ ಯಾವ ಬಣ್ಣ, ಯಾರ ಕೈ ತಾಗಿ ಅದು ಎಲ್ಲಿ ಮಾಸಿದೆ, ಖರ್ಚೆಷ್ಟು, ಈ ಪ್ರಶ್ನೆಗಳಿಗೆ ಕಥೆ ನೋಡಿ, ಲೆನ್ಸ್ ನೋಡಿ, ಜೇಬು ನೋಡಿ ಉತ್ತರ ಕೊಡೋಕೆ ಬಂದರೆ ಅದೇ ಮುಂದಿನ ಮಟ್ಟ. ಪ್ರೊಡಕ್ಷನ್ ಡಿಸೈನರ್ ಅನ್ನುವ ಹುದ್ದೆ ಹುಟ್ಟಿದ್ದೂ ಹೀಗೇ. 1939ರ 'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ವಿಲಿಯಂ ಕ್ಯಾಮರಾನ್ ಮೆನ್ಝೀಸ್ ಸೆಟ್ ಜೊತೆಗೆ ಬಣ್ಣ, ಶಾಟ್, ಇಡೀ ಚಿತ್ರದ ನೋಟವನ್ನೇ ಮೊದಲೇ ಬಿಡಿಸಿ ತೀರ್ಮಾನಿಸಿದ್ದರಿಂದ ಅವರಿಗೆ ಆ ಹೆಸರು ಕೊಟ್ಟರು.

ನನ್ನ ಸಲಹೆ ಸರಳ. ಹತ್ತು ಪುಟದ ಒಂದು ಚಿತ್ರಕಥೆ ತಗೊಳ್ಳಿ, ಅದನ್ನು ಶೂಟ್‌ಗೆ ಸಿದ್ಧವಾಗುವ ಮಟ್ಟಕ್ಕೆ ಪೂರ್ತಿ ಡಿಸೈನ್ ಮಾಡಿ. ಆರೆಂಟು ತಿಂಗಳು ಹಿಡಿಯಬಹುದು, ಹಿಡಿಯಲಿ. ಅರೆಬರೆ ಹತ್ತು ಪ್ರಾಜೆಕ್ಟ್‌ಗಿಂತ ಪೂರ್ತಿಯಾದ ಒಂದು ಪ್ರಾಜೆಕ್ಟ್ ನಿಮಗೆ ಜಾಸ್ತಿ ಕಲಿಸುತ್ತದೆ.

ಹಂತ 1: ಕಥೆ ಆರಿಸಿ, ಬಿಡಿಸಿ ಬರೆಯಿರಿ

ಅಭ್ಯಾಸಕ್ಕೆ ಒಂದು ಕಥೆ ನಾನೇ ಕೊಡುತ್ತೇನೆ, ಬೇಕಾದರೆ ತಗೊಳ್ಳಿ. 1946. ಕೊಪ್ಪಳದ ಹತ್ತಿರದ ಒಂದು ಹಳ್ಳಿ. ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳು ಮಗನನ್ನು ಓದೋಕೆ ಬಳ್ಳಾರಿಯಲ್ಲಿರುವ ತನ್ನ ಅಣ್ಣನ ಮನೆಗೆ ಕಳಿಸುತ್ತಾಳೆ. ಹುಡುಗ ರೈಲು ಹತ್ತುತ್ತಾನೆ, ಮಾವನ ಮನೆ ಸೇರುತ್ತಾನೆ, ಅಲ್ಲಿ ಒಗ್ಗುವುದಿಲ್ಲ. ಅಷ್ಟೇ. ಎರಡು ಮನೆ, ಒಂದು ಸ್ಟೇಷನ್, ಒಂದು ಬೀದಿ.

ಚಿತ್ರಕಥೆಯನ್ನು ಮೂರು ಸಲ ಓದಿ. ಮೊದಲ ಸಲ ಸುಮ್ನೆ ಓದಿ, ಪೆನ್ನು ಮುಟ್ಟಬೇಡಿ. ಎರಡನೇ ಸಲ ಪ್ರತಿ ದೃಶ್ಯಕ್ಕೆ ಒಂದು ಹಾಳೆ ಮಾಡಿ: ಜಾಗ, ಒಳಗೋ ಹೊರಗೋ, ಹಗಲೋ ರಾತ್ರಿಯೋ, ಯಾರ್‍ಯಾರು ಇದ್ದಾರೆ, ಪಾತ್ರದವರು ಕೈಯಲ್ಲಿ ಹಿಡಿಯುವ ವಸ್ತು ಏನು, ಸುಮ್ಮನೆ ಹಿಂದೆ ಕಾಣುವ ವಸ್ತು ಏನು, ಒಡೆಯುವ, ಸುಡುವ, ತಿನ್ನುವ ವಸ್ತು ಏನು. ತಿನ್ನೋದು ಯಾವಾಗಲೂ ಬೇರೆ ಕಾಲಂನಲ್ಲಿರಲಿ. ಒಂದು ರೊಟ್ಟಿ ತಿನ್ನುವ ದೃಶ್ಯಕ್ಕೆ ಟೇಕ್ ಹೆಚ್ಚಾದರೆ ಮೂವತ್ತು ರೊಟ್ಟಿ ಬೇಕಾಗಬಹುದು, ಅವೆಲ್ಲ ಒಂದೇ ಗಾತ್ರದಲ್ಲಿ, ಒಂದೇ ಥರ ಸುಟ್ಟಂತೆ ಕಾಣಬೇಕು.

ಮೂರನೇ ಓದು ಎಲ್ಲಕ್ಕಿಂತ ಮುಖ್ಯ. ಚಿತ್ರಕಥೆಯಲ್ಲಿ ಬರೆಯದೇ ಇರೋದನ್ನು ಹುಡುಕಿ. 'ತಾಯಿ ಅಡುಗೆಮನೆಯಲ್ಲಿದ್ದಾಳೆ' ಅಂತ ಬರೆದಿರುತ್ತಾರೆ, ಅಷ್ಟೇ. ಆಕೆಗೆ ಎಷ್ಟು ಎಕರೆ ಇದೆ? ಗಂಡ ಸತ್ತು ಎಷ್ಟು ವರ್ಷ ಆಯಿತು? ಅವನ ಬಟ್ಟೆ, ಅವನ ಕೋಲು ಇನ್ನೂ ಗೂಟಕ್ಕೆ ನೇತಾಡುತ್ತಿವೆಯಾ? ಹಗೇವಿನಲ್ಲಿ ಜೋಳ ಇದೆಯಾ, ಖಾಲಿಯಾ? ಪ್ರತಿ ಪಾತ್ರಕ್ಕೂ ಒಂದು ಪುಟ ಹೀಗೆ ಬರೆಯಿರಿ. ಮುಂದೆ ನಿರ್ದೇಶಕರು 'ಈ ಗೂಡಲ್ಲಿ ಏನಿಡೋಣ' ಅಂತ ಕೇಳಿದಾಗ ಉತ್ತರ ಈ ಪುಟದಿಂದ ಬರಬೇಕು, ಅಂಗಡಿಯಲ್ಲಿ ಏನು ಸಿಕ್ಕಿತೋ ಅದರಿಂದಲ್ಲ.

ಹಂತ 2: ಕಾಲ ಮತ್ತು ಸರ್ಕಾರ

1946ನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ಭಾಗದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದಿಲ್ಲ. ಆಗ ಕೊಪ್ಪಳ, ರಾಯಚೂರು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು, ಅದರಲ್ಲೂ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಬಳ್ಳಾರಿ ಮಾತ್ರ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಡುವೆ ತುಂಗಭದ್ರೆ. ಹುಡುಗ ನದಿ ದಾಟಿದರೆ ನಾಣ್ಯ ಬದಲಾಗುತ್ತದೆ, ಬೋರ್ಡಿನ ಭಾಷೆ ಬದಲಾಗುತ್ತದೆ, ಕಚೇರಿಯ ಗೋಡೆ ಮೇಲಿನ ಪಟ ಬದಲಾಗುತ್ತದೆ. ಅವನು ಒಗ್ಗದೇ ಇರೋದನ್ನು ಒಂದು ಮಾತೂ ಇಲ್ಲದೆ ತೋರಿಸೋಕೆ ಇದು ಸಾಕು.

ಈಚೆ ದಡದಲ್ಲಿ ಸರ್ಕಾರದ ಕಾಗದ, ಕಚೇರಿ ಬೋರ್ಡು ಉರ್ದುವಿನಲ್ಲಿ. ಕಂದಾಯದ ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯಕ್ಕೆಂದೇ ಇದ್ದ ಬೇರೆ ವರ್ಷದ ಎಣಿಕೆ. ನಾಣ್ಯ ನಿಜಾಮರ ಹಾಲಿ ಸಿಕ್ಕಾ, ರೂಪಾಯಿಯ ಮೇಲೆ ಚಾರ್‌ಮಿನಾರ್. ಹೈದರಾಬಾದಿನ ಅಂಚೆ ಚೀಟಿಯೂ ಬೇರೆ. ಹಾಗಾಗಿ ರಾಯಚೂರಿನಿಂದ ಕೊಪ್ಪಳಕ್ಕೆ ಬರುವ ಕಾಗದದ ಮೇಲೆ ಬ್ರಿಟಿಷ್ ರಾಜನ ಮುಖದ ಚೀಟಿ ಅಂಟಿಸಿದರೆ ತಿಳಿದವರು ನಗುತ್ತಾರೆ. ಆಚೆ ದಡದ ಬಳ್ಳಾರಿಯಲ್ಲಿ ಆರನೇ ಜಾರ್ಜ್ ದೊರೆಯ ನಾಣ್ಯ, ಇಂಗ್ಲಿಷ್ ಕಚೇರಿ, ಬೀದಿಯಲ್ಲಿ ಕನ್ನಡ, ತೆಲುಗು ಎರಡೂ. ಎರಡೂ ಕಡೆ ರೂಪಾಯಿಗೆ ಹದಿನಾರು ಆಣೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಕಿಲೋ ತೂಕ ಬಂದದ್ದು ಅದಕ್ಕೂ ಆಮೇಲೆ, ಹಾಗಾಗಿ ಅಂಗಡಿ ದೃಶ್ಯದಲ್ಲಿ ಕಿಲೋ ಬಟ್ಟು ಇಡಬೇಡಿ, ಸೇರು ಇಡಿ.

ಹಿನ್ನೆಲೆ ಇನ್ನೂ ಅಪಾಯ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. 1946ರ ಕಥೆಯಲ್ಲಿ ಮುನಿರಾಬಾದ್ ಕಡೆ ದೊಡ್ಡ ಜಲಾಶಯ ಕಾಣಕೂಡದು. ಗಂಗಾವತಿ, ಸಿಂಧನೂರು ಕಡೆ ಕಣ್ಣಿಗೆ ಬೀಳುವಷ್ಟು ದೂರ ಭತ್ತದ ಹಸಿರೂ ಕಾಣಕೂಡದು, ಅದು ಅಣೆಕಟ್ಟಿನ ಕಾಲುವೆ ಬಂದ ಮೇಲಿನದು. ಆನೆಗೊಂದಿ ಸುತ್ತಮುತ್ತ ವಿಜಯನಗರ ಕಾಲದ ಕಾಲುವೆಗಳ ಗದ್ದೆ ಇತ್ತು, ಅದು ಬೇರೆ ಮಾತು. ಉಳಿದ ಕಡೆ ಜೋಳ, ಹತ್ತಿ, ಒಣ ನೆಲ. ಅಂದರೆ ಲೊಕೇಶನ್ ಹುಡುಕುವಾಗ ನೀವು ಬರೀ ಹಳೇ ಮನೆ ಹುಡುಕಿದರೆ ಸಾಲದು, ಆ ಮನೆಯ ಬಾಗಿಲು ತೆರೆದಾಗ ಆಚೆ ಏನು ಕಾಣುತ್ತದೆ ಅನ್ನೋದನ್ನೂ ನೋಡಬೇಕು.

ಇದೆಲ್ಲ ಎಲ್ಲಿ ಸಿಗುತ್ತದೆ? ಗೂಗಲ್ ಚಿತ್ರಗಳಲ್ಲಿ ಸಿಗುವುದಿಲ್ಲ. ಸಿಕ್ಕರೂ ಅದು ಇನ್ನೊಬ್ಬರ ಸಿನಿಮಾ ಸೆಟ್ಟಿನ ಫೋಟೋ ಆಗಿರುತ್ತದೆ, ಅವರು ಮಾಡಿದ ತಪ್ಪು ನಿಮಗೂ ಅಂಟುತ್ತದೆ. ಮನೆಯ ಟ್ರಂಕ್ ತೆಗೆಯಿರಿ. ಹಳೇ ಖರೀದಿ ಪತ್ರ, ಮದುವೆ ಕರೆಯೋಲೆ, ಸ್ಟುಡಿಯೋ ಫೋಟೋ, ಅದರ ಹಿಂದಿನ ಸೀಲು, ಎಲ್ಲ ಫೋಟೋ ತೆಗೆದಿಡಿ. ಬಳ್ಳಾರಿ ಜಿಲ್ಲೆಗೆ 1904ರ ಗೆಜೆಟಿಯರ್ ಇದೆ, ಬೆಳೆ, ಮನೆ, ರಸ್ತೆ, ಸಂತೆ ಎಲ್ಲದರ ವಿವರ ಅದರಲ್ಲಿದೆ, ಓದಿ. ಎಂಬತ್ತು ದಾಟಿದ ಅಜ್ಜಿಯರನ್ನು ಕೇಳಿ, ಆದರೆ 'ಆಗ ಹೇಗಿತ್ತು ಅಜ್ಜಿ' ಅಂತ ಕೇಳಬೇಡಿ. ಹಾಗೆ ಕೇಳಿದರೆ 'ಭಾಳ ಚೊಲೋ ಇತ್ತಪ್ಪ' ಅಂತಾರೆ, ಮುಗೀತು. 'ಚಿಮಣಿ ಎಲ್ಲಿಡತಿದ್ರಿ, ಎಣ್ಣೆ ಯಾವುದರಾಗ ತರತಿದ್ರಿ, ಮಕ್ಕಳು ಎಲ್ಲಿ ಮಲಗತಿದ್ರು' ಅಂತ ಕೇಳಿ. ಆಗ ಮನೆಯ ನಕ್ಷೆ ತಾನೇ ಬರುತ್ತದೆ.

ಹಂತ 3: ಒಂದು ನಿಜವಾದ ಮನೆ ಅಳೆಯಿರಿ

ತಾಯಿಯ ಮನೆಗೆ ಒಂದು ಹಳೇ ಮಣ್ಣಿನ ಮಾಳಿಗೆ ಮನೆ ಹುಡುಕಿ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಇನ್ನೂ ಉಳಿದಿವೆ, ಬೇಗ ಹೋಗಿ, ಪ್ರತಿ ವರ್ಷ ಬೀಳುತ್ತಿವೆ. ಐದು ಮೀಟರ್ ಟೇಪು, ನೂರು ಅಡಿ ಟೇಪು, ದಿಕ್ಸೂಚಿ, ಜೊತೆಗೆ ಒಬ್ಬ ಗೆಳೆಯ. ಫೋನಿನ ಅಳತೆ ಆಪ್ ಬೇಡ ಅನ್ನುವುದಿಲ್ಲ, ಆದರೆ ಟೇಪಿನಿಂದ ಒಂದು ಗೋಡೆ ಅಳೆದು ಅದನ್ನು ಪರೀಕ್ಷಿಸಿದ ಮೇಲೆ ನಂಬಿ.

ಉದ್ದ ಅಗಲ ಅಳೆದು ಬಂದುಬಿಡಬೇಡಿ. ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯಿರಿ, ಯಾಕಂದ್ರೆ ಹಳೇ ಮನೆಯ ಯಾವ ಕೋಣೆಯೂ ಸರಿಯಾದ ಚೌಕ ಇರುವುದಿಲ್ಲ. ಗೋಡೆಯ ದಪ್ಪ ಬೇಕು. ಎರಡಡಿ ದಪ್ಪದ ಗೋಡೆಯ ಬಾಗಿಲಲ್ಲಿ ನಿಂತವನ ಮೇಲೆ ನೆರಳು ಬೀಳುವ ರೀತಿ ಬೇರೆ, ಪ್ಲೈವುಡ್ ಸೆಟ್ಟಿನ ಬಾಗಿಲು ಸುಳ್ಳು ಅನ್ನಿಸುವುದು ಮುಖ್ಯವಾಗಿ ಇದರಿಂದಲೇ. ಬಾಗಿಲಿನ ಎತ್ತರ, ಹೊಸ್ತಿಲಿನ ಎತ್ತರ, ಕಟ್ಟೆ, ಪಡಸಾಲೆ, ದನ ಕಟ್ಟುವ ಜಾಗ ಮತ್ತು ಮನುಷ್ಯರು ಕೂರುವ ಜಾಗದ ನಡುವಿನ ಎತ್ತರದ ವ್ಯತ್ಯಾಸ, ಜಂತಿಗಳ ನಡುವಿನ ಅಂತರ, ಬೆಳಕಿಂಡಿ ಎಲ್ಲಿದೆ, ಅದರ ಬಿಸಿಲು ಬೆಳಿಗ್ಗೆ ಎಲ್ಲಿ ಬೀಳುತ್ತದೆ ಮಧ್ಯಾಹ್ನ ಎಲ್ಲಿ, ಪಾತ್ರೆ ನೇತುಹಾಕುವ ಹಗ್ಗದ ನೆಲವು ಯಾವ ತೊಲೆಗೆ ಕಟ್ಟಿದೆ, ಬೀಸುಕಲ್ಲು ಗೋಡೆಯಿಂದ ಎಷ್ಟು ದೂರ, ಎಲ್ಲ ಬರೆದುಕೊಳ್ಳಿ. ಮನೆಯವರು ಚಹಾ ಕೊಟ್ಟರೆ ಕುಡಿಯಿರಿ, ಅಷ್ಟು ಹೊತ್ತಿನಲ್ಲಿ ಅವರು ಒಳಗೆ ಹೊರಗೆ ಓಡಾಡುವ ದಾರಿ ನೋಡಿ. ಪಾತ್ರಗಳ ಓಡಾಟವೂ ಅದೇ.

ಕೋಟೆ, ಗುಡಿಗಳಲ್ಲಿ ಅಳತೆಗೆ ಹೋಗುವವರಿಗೆ ಒಂದು ಮಾತು. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ನಿಲ್ಲಿಸೋಕೂ ಅನುಮತಿ ಬೇಕು, ಶೂಟಿಂಗ್‌ಗಂತೂ ಬೇಕೇ ಬೇಕು, ಮೊಳೆ ಹೊಡೆಯೋದು, ಬಣ್ಣ ಬಳಿಯೋದು ಕನಸಿನಲ್ಲೂ ಬೇಡ. ಇಟಗಿಯ ಮಹಾದೇವ ದೇವಾಲಯದಂಥ ಕಂಬಗಳು ಕಥೆಗೆ ಬೇಕಿದ್ದರೆ ಕಣ್ಣಳತೆಯಲ್ಲಿ ಸ್ಕೆಚ್ ಮಾಡಿಕೊಂಡು ಬಂದು ಸೆಟ್ಟಿನಲ್ಲಿ ಕಟ್ಟಿ.

ಹಂತ 4: ಪ್ಲಾನು, ಲೆನ್ಸು, ಪ್ಲೈವುಡ್ಡು

ಇಲ್ಲಿ ನಿಧಾನ ಮಾಡಿ, ಈ ಕೆಲಸ ಬಂದರೆ ಅರ್ಧ ಕೋರ್ಸ್ ಮುಗಿದ ಹಾಗೆ.

ಪ್ಲಾನನ್ನು ಕಾಲು ಇಂಚಿಗೆ ಒಂದು ಅಡಿಯ ಪ್ರಮಾಣದಲ್ಲಿ ಬಿಡಿಸಿ. ನಮ್ಮ ಬಡಿಗರು ಅಡಿ, ಇಂಚಿನಲ್ಲೇ ಕೆಲಸ ಮಾಡುತ್ತಾರೆ, ನೀವೂ ಹಾಗೇ ಬಿಡಿಸಿ. ಹದಿನಾರು ಅಡಿ ಹನ್ನೆರಡು ಅಡಿಯ ಪಡಸಾಲೆ ಕಾಗದದ ಮೇಲೆ ನಾಲ್ಕು ಇಂಚು ಮೂರು ಇಂಚು ಆಗುತ್ತದೆ. ಬಾಗಿಲು, ಗೂಡು, ಕಂಬದ ಬೋದಿಗೆಯಂಥ ವಿವರಗಳನ್ನು ಒಂದು ಇಂಚಿಗೆ ಒಂದು ಅಡಿಯಂತೆ ಬೇರೆ ಹಾಳೆಯಲ್ಲಿ ಹಾಕಿ. ಪ್ಲಾನು (ಮೇಲಿನಿಂದ ನೋಡಿದ ನಕ್ಷೆ), ನಾಲ್ಕೂ ಗೋಡೆಗಳ ಎಲಿವೇಶನ್ (ಎದುರಿನಿಂದ ನೋಡಿದ್ದು), ಒಂದು ಸೆಕ್ಷನ್ (ಸೀಳಿ ಒಳಗೆ ನೋಡಿದ್ದು). ಇಷ್ಟಿಲ್ಲದೆ ಬಡಿಗರ ಹತ್ತಿರ ಹೋಗಬೇಡಿ, ಹೋದರೆ ಅವರು ತಮಗೆ ಗೊತ್ತಿರುವ ಬಾಗಿಲನ್ನೇ ಮಾಡಿಕೊಡುತ್ತಾರೆ, ಆಮೇಲೆ ಅವರನ್ನು ಬೈದು ಪ್ರಯೋಜನ ಇಲ್ಲ.

ಈಗ ಕ್ಯಾಮೆರಾ ಪ್ಲಾನಿನ ಮೇಲೆ ಇಡಿ. ಲೆಕ್ಕ ಸುಲಭ: ಎದುರಿನ ಗೋಡೆಗೆ ಇರುವ ದೂರವನ್ನು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ) ಅಗಲದಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲೆ ಬರೆದಿರುವ ಎಂಎಂ ಸಂಖ್ಯೆಯಿಂದ) ಭಾಗಿಸಿ. ಫುಲ್ ಫ್ರೇಮ್ ಸೆನ್ಸರ್ 36 ಎಂಎಂ ಅಗಲ. ಹತ್ತು ಅಡಿ ದೂರದಿಂದ 35 ಎಂಎಂ ಲೆನ್ಸಿಗೆ ಸುಮಾರು 10.3 ಅಡಿ ಗೋಡೆ ಕಾಣುತ್ತದೆ. 50 ಎಂಎಂ ಹಾಕಿದರೆ 7.2 ಅಡಿ. 24 ಎಂಎಂ ಹಾಕಿದರೆ 15 ಅಡಿ. ಸೂಪರ್ 35 ಸೆನ್ಸರ್ ಆದರೆ ಅಗಲ ಸುಮಾರು 25 ಎಂಎಂ, ಆಗ 35 ಎಂಎಂ ಲೆನ್ಸಿಗೆ ಏಳಡಿ ಚಿಲ್ಲರೆ ಮಾತ್ರ. ಅದಕ್ಕೇ ಕ್ಯಾಮೆರಾ ಯಾವುದು ಅಂತ ಗೊತ್ತಾಗದೆ ಸೆಟ್ಟಿನ ಅಗಲ ತೀರ್ಮಾನಿಸಬಾರದು.

ಎತ್ತರಕ್ಕೂ ಇದೇ ಲೆಕ್ಕ. ಫುಲ್ ಫ್ರೇಮ್ ಸೆನ್ಸರಿನಲ್ಲಿ 16:9 ಚಿತ್ರ ತೆಗೆದರೆ ಎತ್ತರ 20.25 ಎಂಎಂ. ಕ್ಯಾಮೆರಾ ಐದಡಿ ಎತ್ತರದಲ್ಲಿ ನೇರವಾಗಿ ನಿಂತಿದೆ, ಗೋಡೆ ಹತ್ತು ಅಡಿ ದೂರ, 35 ಎಂಎಂ ಲೆನ್ಸ್. ಕಾಣುವ ಎತ್ತರ 5.8 ಅಡಿ, ಅಂದರೆ ಫ್ರೇಮಿನ ಮೇಲಂಚು ಗೋಡೆಯ ಮೇಲೆ 7.9 ಅಡಿಗೆ ಬರುತ್ತದೆ. ಎಂಟಡಿ ಗೋಡೆ ಸಾಕು! ಅದೇ ಜಾಗದಿಂದ 24 ಎಂಎಂ ಹಾಕಿದರೆ ಮೇಲಂಚು 9.2 ಅಡಿಗೆ ಹೋಗುತ್ತದೆ, ಈಗ ಹತ್ತಡಿ ಗೋಡೆ ಬೇಕು.

ಇದು ಸುಮ್ನೆ ಲೆಕ್ಕ ಅಲ್ಲ, ದುಡ್ಡು. ಪ್ಲೈವುಡ್ ಹಾಳೆ ಎಂಟಡಿ ನಾಲ್ಕಡಿ. ಹನ್ನೆರಡು ಅಡಿ ಅಗಲದ ಗೋಡೆ ಎಂಟಡಿ ಎತ್ತರ ಇದ್ದರೆ ಮೂರೇ ಹಾಳೆ, ಕತ್ತರಿಸುವ ಕೆಲಸವೂ ಇಲ್ಲ. ಹತ್ತಡಿ ಎತ್ತರ ಬೇಕೆಂದರೆ ನಾಲ್ಕನೇ ಹಾಳೆ ತಂದು ಎರಡಡಿ ಪಟ್ಟಿಗಳಾಗಿ ಸೀಳಬೇಕು, ಅದಕ್ಕೆ ರೀಪರ್ ಜಾಸ್ತಿ, ಮೇಲೆ ಜೋಡಿಸಿದ ಗೀಟು ಮುಚ್ಚೋಕೆ ಪಟ್ಟಿ ಬೇರೆ, ಹಿಂದಿನ ಆನಿಕೆಯೂ ಗಟ್ಟಿ ಬೇಕು. ಮೊದಲ ಮೀಟಿಂಗಿನಲ್ಲೇ ಕ್ಯಾಮೆರಾಮನ್‌ಗೆ 'ಇಲ್ಲಿ ಅಗಲ ಲೆನ್ಸ್ ಹಾಕ್ತೀರಾ, ಸೂರು ತೋರಿಸ್ತೀರಾ' ಅಂತ ಕೇಳುವ ಡಿಸೈನರ್‌ಗೆ ಮರ್ಯಾದೆ ತಾನಾಗಿ ಬರುತ್ತದೆ. ತೋರಿಸ್ತೀನಿ ಅಂದರೆ ಜಂತಿಯ ಸೂರನ್ನು ತುಂಡು ತುಂಡಾಗಿ ಎತ್ತಿಡುವಂತೆ ಮಾಡಿ. ಗೋಡೆಗಳೂ ಹಾಗೇ, ಕ್ಯಾಮೆರಾ ಹಿಂದೆ ಸರಿಯೋಕೆ ಬೇಕಾದ ಒಂದು ಗೋಡೆ ಬಿಚ್ಚಿ ಪಕ್ಕಕ್ಕಿಡುವಂತಿರಬೇಕು, ಅದಕ್ಕೆ ವೈಲ್ಡ್ ವಾಲ್ ಅನ್ನುತ್ತಾರೆ.

ಪ್ಲಾನ್ ಮುಗಿದ ಮೇಲೆ ಫೋಮ್ ಬೋರ್ಡಿನಲ್ಲಿ ಅರ್ಧ ಇಂಚಿಗೆ ಒಂದು ಅಡಿಯ ಮಾಡೆಲ್ ಮಾಡಿ. ಬಣ್ಣ ಬೇಡ, ಬಿಳಿಯೇ ಇರಲಿ. ಫೋನಿನ ಕ್ಯಾಮೆರಾವನ್ನು ಎರಡೂವರೆ ಇಂಚು ಎತ್ತರಕ್ಕೆ ಹಿಡಿದು ಒಳಗೆ ನೋಡಿ, ಅದೇ ನಿಮ್ಮ ಐದಡಿ ಕ್ಯಾಮೆರಾ. ಟಾರ್ಚ್ ಹಿಡಿದು ಬೆಳಕಿಂಡಿಯಿಂದ ಬಿಸಿಲು ಹಾಯಿಸಿ.

ಹಂತ 5: ಗೋಡೆಗೆ ವಯಸ್ಸು ಬರಿಸುವುದು

ಹೊಸ ಸೆಟ್ ಹಳೆಯದಾಗಿ ಕಾಣಲಿ ಅಂತ ಎಲ್ಲೆಂದರಲ್ಲಿ ಕಂದು ಬಣ್ಣ ಎರಚುವವರೇ ಜಾಸ್ತಿ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಕೊಳೆಗೂ ಕಾರಣ ಇರುತ್ತದೆ ಅಲ್ವಾ? ದೀಪದ ಗೂಡಿನ ಮೇಲೆ ಮಸಿ ನಾಲಿಗೆಯಂತೆ ಮೇಲಕ್ಕೆ ಹೋಗುತ್ತದೆ. ಚಿಲಕದ ಸುತ್ತ ಕೈಜಿಡ್ಡು. ಮುದುಕರು ಒರಗುವ ಕಡೆ ತಲೆಯೆಣ್ಣೆಯ ಕಲೆ, ಕೂತವರ ತಲೆಯ ಎತ್ತರಕ್ಕೆ, ಅಂದರೆ ನೆಲದಿಂದ ಎರಡೂವರೆ ಮೂರಡಿಗೆ. ಮಳೆ ಸೋರಿದ ಕಲೆ ಜಂತಿಯ ತುದಿಯಿಂದಲೇ ಇಳಿಯುತ್ತದೆ. ನೆಲದ ಹತ್ತಿರ ಒಂದಡಿ ಸಾರಣೆಯ ಗೆರೆ, ಅದರ ಮೇಲೆ ಸುಣ್ಣ.

ಸುಣ್ಣದ ಗೋಡೆ ಮಾಡುವ ಕ್ರಮ: ಪ್ಲೈ ಮೇಲೆ ತೆಳು ಬಟ್ಟೆ ಅಂಟಿಸಿ, ಮರದ ಹೊಟ್ಟು ಮತ್ತು ಅಂಟು ಸೇರಿಸಿದ ಪೇಸ್ಟನ್ನು ಕೈಯಿಂದಲೇ ಮೆತ್ತಿ, ಕರಣೆ ಬಳಸಿದರೆ ತೀರ ನುಣುಪಾಗುತ್ತದೆ. ಒಣಗಿದ ಮೇಲೆ ಮಣ್ಣಿನ ಬಣ್ಣ. ಅದರ ಮೇಲೆ ನೀಲಿ ಬೆರೆಸಿದ ಸುಣ್ಣದ ಬಣ್ಣ, ಅದರ ಮೇಲೆ ಬಿಳಿ. ಪ್ರತಿ ಪದರವೂ ಒಂದು ಹಬ್ಬದ ಸುಣ್ಣ ಅಂದುಕೊಳ್ಳಿ. ಆಮೇಲೆ ಕೈ ತಾಗುವ ಕಡೆ ಮಾತ್ರ ಮರಳು ಕಾಗದದಿಂದ ತಿಕ್ಕಿ, ಒಳಗಿನ ನೀಲಿ ಅಲ್ಲಲ್ಲಿ ಹೊರಗೆ ಬರಲಿ. ಕೊನೆಗೆ ತೀರ ತೆಳುವಾದ ಗಾಢ ಬಣ್ಣವನ್ನು ಮೂಲೆಗಳಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಎರಡಡಿ ಚೌಕದ ಮಾದರಿ ಹಲಗೆಗಳಲ್ಲಿ ಇದನ್ನು ಪದೇ ಪದೇ ಮಾಡಿ, ಫೋನು ತಾನೇ ಬಣ್ಣ ಬದಲಿಸದಂತೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ ಫೋಟೋ ತೆಗೆಯಿರಿ. ಕಂಪನಿ ನಾಟಕದ ಪರದೆಯನ್ನು ಜನ ನಲವತ್ತಡಿ ದೂರದಿಂದ ನೋಡುತ್ತಾರೆ, ಕ್ಯಾಮೆರಾ ನಾಲ್ಕಡಿಗೆ ಬಂದು ನಿಲ್ಲುತ್ತದೆ. ಪರದೆ ಬರೆದ ಕೈಗೆ ಈ ಬದಲಾವಣೆ ಕಷ್ಟ, ಅದಕ್ಕೇ ಅಭ್ಯಾಸ ಬೇಕು.

ಧೂಳಿನ ಬಣ್ಣಕ್ಕೆ ಗಮನ ಕೊಡಿ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯ ಧೂಳು ಒಂದೇ ಅಲ್ಲ. ಸಂಡೂರಿನದು ಅದಿರಿನ ಕೆಂಪು, ಅದು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ರಾಯಚೂರು ಕಡೆಯ ಎರೆ ಮಣ್ಣು ಒಣಗಿದಾಗ ಬೂದು, ಒದ್ದೆಯಾದಾಗ ಕಪ್ಪು, ಕಾಲಿಗೆ ಮೆತ್ತಿಕೊಂಡು ಬಂದು ಹೊಸ್ತಿಲ ಬಳಿ ಹೆಂಟೆಯಾಗಿ ಉದುರುತ್ತದೆ. ಶಕ್ತಿನಗರದ ಆಸುಪಾಸಿನದು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ನಸು ಬಿಳಿ. ಗಂಗಾವತಿ ಅಕ್ಕಿ ಗಿರಣಿಯ ಬಳಿ ಹೊಟ್ಟಿನ ಹಳದಿ. ಇಂದಿನ ಕಾಲದ ಕಥೆ ಮಾಡುತ್ತಿದ್ದರೆ ಒಂದು ಕಿಟಕಿಯ ಸರಳಿನ ಮೇಲಿನ ಧೂಳಿನಲ್ಲೇ ಊರು ಹೇಳಬಹುದು. ಆಯಾ ಊರಿನ ಮಣ್ಣನ್ನು ಜರಡಿ ಹಿಡಿದು ಡಬ್ಬಿಗಳಲ್ಲಿ ಹಾಕಿ ಹೆಸರು ಬರೆದಿಡಿ. ನಮ್ಮ 1946ರ ಹುಡುಗನ ಚೀಲಕ್ಕೆ ಊರಿನ ಮಣ್ಣೇ ಹತ್ತಿರಬೇಕು, ಬಳ್ಳಾರಿಯ ಮಾವನ ಮನೆಯ ಒರೆಸಿದ ನೆಲದ ಮೇಲೆ ಅದು ಕಾಣಬೇಕು.

ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಧೂಳು, ಥಿನ್ನರ್ ವಾಸನೆ ಎರಡೂ ಎದೆಗೆ ಕೆಟ್ಟವು, ಮಾಸ್ಕ್ ಹಾಕಿ. ಥರ್ಮಾಕೋಲ್ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ದೀಪದ ಗೂಡಿನ ಹತ್ತಿರ ಅದನ್ನು ಬಳಸಲೇಬೇಡಿ.

ಹಂತ 6: ವಸ್ತುಗಳು

ಪಾತ್ರದವರು ಹಿಡಿಯುವ ವಸ್ತುವನ್ನು ಮೊದಲು ಹುಡುಕಿ, ತುಂಬುವ ವಸ್ತು ಆಮೇಲೆ. ನಮ್ಮ ಕಥೆಯಲ್ಲಿ ಮುಖ್ಯ ವಸ್ತು ಹುಡುಗನ ಬುತ್ತಿಗಂಟು ಅಂದುಕೊಳ್ಳಿ. ಅದು ಮೂರು ನಕಲು ಬೇಕು: ಹೊರಡುವಾಗಿನದು, ರೈಲಿನಲ್ಲಿ ಬಿಚ್ಚಿದ್ದು, ಬಳ್ಳಾರಿಯಲ್ಲಿ ಮೂಲೆಗೆ ಬಿದ್ದದ್ದು. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಹಾಗಾಗಿ ಮೂರನ್ನೂ ಬೇರೆ ಬೇರೆ ಕಟ್ಟಿ ಚೀಟಿ ಅಂಟಿಸಿ, ಪ್ರತಿ ಶಾಟ್ ಆದ ಮೇಲೆ ಫೋಟೋ ತೆಗೆಯಿರಿ. ರೈಲ್ವೆ ಟಿಕೆಟ್ಟು, ಕಾಗದ, ಅಂಗಡಿ ಬೋರ್ಡು ಇವು ಗ್ರಾಫಿಕ್ ಕೆಲಸ. ಕಂಪ್ಯೂಟರಿನ ಕನ್ನಡ ಫಾಂಟ್ ಹಳೇ ಬೋರ್ಡಿಗೆ ಹೊಂದುವುದಿಲ್ಲ. ಬೋರ್ಡ್ ಬರೆಯುವ ಹಳೇ ಪೇಂಟರ್ ಬಳಿ ಬರೆಸಿ, ಇನ್ನೂ ಇದ್ದಾರೆ.

ಹಗುರವಾದ ನಕಲು ವಸ್ತು ಮಾಡೋದು ಕಲಿಯೋಕೆ ಕೊಪ್ಪಳದ ಪಕ್ಕದ ಕಿನ್ನಾಳಕ್ಕಿಂತ ಒಳ್ಳೆಯ ಶಾಲೆ ಎಲ್ಲಿದೆ? ಅಲ್ಲಿನ ಚಿತ್ರಗಾರರು ಹಗುರ ಮರ ಕೆತ್ತಿ, ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟ ಮೆತ್ತಿ ಮೈ ತಿದ್ದುತ್ತಾರೆ, ಆಮೇಲೆ ಬಣ್ಣ. ಫೈಬರ್, ಪಿಒಪಿ ಬರುವ ಮುಂಚಿನ ಮೌಲ್ಡಿಂಗ್ ಅದು. ಹೋಗಿ ಕೂತು ಕಲಿಯಿರಿ, ಆದರೆ ಅವರ ದಿನದ ಕೂಲಿ ಕೊಟ್ಟು ಕಲಿಯಿರಿ. ಫೋಟೋ ಹೊಡ್ಕೊಂಡು ಬರೋಕೆ ಹೋಗಬೇಡಿ.

ಹಂತ 7: ಬೆಳಕಿನವರ ಜೊತೆ

ಸೆಟ್ಟು ಒಬ್ಬರದು, ಬೆಳಕು ಇನ್ನೊಬ್ಬರದು ಅನ್ನುವ ಭಾವನೆ ಇಟ್ಟುಕೊಂಡರೆ ಎರಡೂ ಕೆಡುತ್ತವೆ. ಸತ್ಯಜಿತ್ ರೇ ಅವರ 1956ರ ಬಂಗಾಳಿ ಚಿತ್ರ 'ಅಪರಾಜಿತೊ'ಗೆ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಕಾಶಿಯ ಮನೆಯ ಒಳಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದರು. ಆ ಮನೆಗಳಲ್ಲಿ ಬೆಳಕು ಮೇಲಿನಿಂದ ಮಾತ್ರ, ಅದೂ ನೆರಳಿಲ್ಲದೆ ಬರುತ್ತದೆ. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಕೆಳಗೆ ಬಿದ್ದ ಬೆಳಕಿನಲ್ಲಿ ಚಿತ್ರೀಕರಿಸಿದರು. ಸೆಟ್ಟಿನ ಮೇಲ್ಭಾಗ ತೆರೆದಿದ್ದರಿಂದ ಅದು ಆಯಿತು. ನಿಮ್ಮ ಪಡಸಾಲೆಗೂ ಹೀಗೇ ಯೋಚಿಸಿ: ಬೆಳಕು ಬೆಳಕಿಂಡಿಯಿಂದ, ಬಾಗಿಲಿಂದ, ಚಿಮಣಿ ದೀಪದಿಂದ. ಆ ಮೂರರ ಹೊರಗೆ ದೀಪ ಇಡೋಕೆ ಜಾಗ ಬೇಕಾ, ಎಲ್ಲಿ ಬೇಕು, ಪ್ಲಾನಿನಲ್ಲೇ ಗುರುತು ಹಾಕಿ.

ಬಣ್ಣ ಪರೀಕ್ಷಿಸುವಾಗ ಮುಂದಿನಿಂದಲೂ ಹಿಂದಿನಿಂದಲೂ ಬೆಳಕು ಹಾಕಿ ನೋಡಿ. ಇದು ತೊಗಲುಗೊಂಬೆಯವರಿಗೆ ಗೊತ್ತಿರುವ ಗುಟ್ಟು. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಮನೆತನದ ಗೊಂಬೆಗಳನ್ನು ಹಗಲಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಒಂದು ಬಣ್ಣ, ಪರದೆಯ ಹಿಂದೆ ದೀಪ ಹಚ್ಚಿದಾಗ ಬೇರೆಯೇ ಬಣ್ಣ. ಬಾಗಿಲ ಪರದೆ, ಒಣಹಾಕಿದ ಸೀರೆ ಎಲ್ಲಕ್ಕೂ ಇದೇ ನಿಯಮ. ಇಳಕಲ್ ಸೀರೆಯ ಸಣ್ಣ ಚೌಕಳಿ ಕೆಲವೊಮ್ಮೆ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಮಿನುಗುತ್ತದೆ, ಉಡಿಸುವ ಮುಂಚೆ ಶೂಟ್ ಮಾಡಿ ನೋಡಿ.

ಟಿವಿಗೆ ಆದರೆ

ಸೀರಿಯಲ್ ಸೆಟ್ ಬೇರೆ ಲೋಕ. ಒಂದೇ ಮನೆ ವರ್ಷಗಟ್ಟಲೆ ನಿಲ್ಲಬೇಕು, ದಿನಾ ಶೂಟಿಂಗ್, ಒಂದಕ್ಕಿಂತ ಹೆಚ್ಚು ಕ್ಯಾಮೆರಾ. ಹಾಗಾಗಿ ಹಾಲ್‌ಗೆ ಮೂರಾದರೂ ಬಾಗಿಲು ಇಡಿ, ಜಗಳ ಮಾಡಿದವರು ಎಲ್ಲಿಂದಾದರೂ ಹೊರಗೆ ಹೋಗಬೇಕಲ್ಲ! ನೆಲ ಸಮ ಇರಲಿ, ಟ್ರಾಲಿ ಓಡಬೇಕು. ಮೇಜು, ಸೋಫಾ ಗೋಡೆಗೆ ಅಂಟಿಸದೆ ಮೂರು ನಾಲ್ಕಡಿ ಮುಂದಕ್ಕೆ ಎಳೆಯಿರಿ, ಮುಖದ ಹಿಂದೆ ಆಳ ಬರುತ್ತದೆ. ಅರ್ಧಕ್ಕೆ ನಿಂತ ದೃಶ್ಯದ ಸೆಟ್ಟಿಗೆ 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿ ಹಗ್ಗ ಕಟ್ಟಿ, ಇಲ್ಲದಿದ್ದರೆ ಮರುದಿನ ಬರುವಾಗ ಹಣ್ಣಿನ ಬುಟ್ಟಿ ಖಾಲಿ.

ಹಂತ 8: ಬಜೆಟ್

ಎಲ್ಲ ವಸ್ತುವಿಗೂ ಒಂದು ಸಾಲು: ಏನು, ಎಷ್ಟು, ಕೊಳ್ಳುವುದಾ, ಬಾಡಿಗೆಯಾ, ಮಾಡಿಸುವುದಾ, ಯಾವ ದೃಶ್ಯಕ್ಕೆ, ದರ, ಒಟ್ಟು. ದರ ಊಹಿಸಬೇಡಿ, ಟಿಂಬರ್ ಡಿಪೋಗೆ ಹೋಗಿ ಕೇಳಿ. ಕೂಲಿ, ಸಾಗಣೆ, ಸೆಟ್ ಬಿಚ್ಚಿ ಜಾಗ ಸ್ವಚ್ಛ ಮಾಡುವ ಖರ್ಚು ಇವು ಹೊಸಬರ ಪಟ್ಟಿಯಲ್ಲಿ ಇರುವುದೇ ಇಲ್ಲ. ಅನಿರೀಕ್ಷಿತಕ್ಕೆ ಶೇ 10 ಸೇರಿಸಿ. ಆಮೇಲೆ ಅದೇ ಡಿಸೈನನ್ನು ಅರ್ಧ ದುಡ್ಡಿನಲ್ಲಿ ಮಾಡಿ ತೋರಿಸಿ ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಯಾವ ಗೋಡೆ ಬಿಡ್ತೀರಿ, ಯಾವ ವಸ್ತು ಬಿಡಲ್ಲ ಅನ್ನೋದು ಆಗ ಗೊತ್ತಾಗುತ್ತದೆ.

ಕಂಪ್ಯೂಟರ್

3ಡಿ ಸಾಫ್ಟ್‌ವೇರ್‌ಗಳಲ್ಲಿ ಬ್ಲೆಂಡರ್ ಪೂರ್ತಿ ಉಚಿತ, ಸ್ಕೆಚ್‌ಅಪ್‌ಗೆ ಉಚಿತ ವೆಬ್ ಆವೃತ್ತಿ ಇದೆ. ಕೈಯಲ್ಲಿ ಬಿಡಿಸಿದ ಪ್ಲಾನನ್ನು ಇವುಗಳಲ್ಲಿ ಕಟ್ಟಿ, ಒಳಗೆ ಕ್ಯಾಮೆರಾ ಇಟ್ಟು, ನಾಲ್ಕನೇ ಹಂತದ ಲೆಕ್ಕ ಸರಿ ಬಂತಾ ನೋಡಿ. ಹಿನ್ನೆಲೆ ತೋರಿಸುವ ದೊಡ್ಡ ಎಲ್‌ಇಡಿ ಪರದೆಯ ಗೋಡೆಯ ಮುಂದೆ ಶೂಟ್ ಮಾಡುವ ಕೆಲಸಕ್ಕೆ ಅನ್‌ರಿಯಲ್ ಎಂಜಿನ್ ಅನ್ನುವ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು. ಅಲ್ಲಿ ನಿಮ್ಮ ಮುಖ್ಯ ಕೆಲಸ ನಿಜವಾದ ನೆಲ ಮತ್ತು ಪರದೆಯೊಳಗಿನ ನೆಲ ಸೇರುವ ಗೆರೆಯನ್ನು ಮರೆಮಾಡೋದು. ಅದಕ್ಕೂ ಮಣ್ಣಿನ ಬಣ್ಣ ಗೊತ್ತಿರಬೇಕು.

ಎಲ್ಲಿ ಓದಬಹುದು, ಏನು ತಗೊಂಡು ಹೋಗಬೇಕು

ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಕಲಾ ನಿರ್ದೇಶನ ಮತ್ತು ಪ್ರೊಡಕ್ಷನ್ ಡಿಸೈನ್‌ಗೆ ಮೂರು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಅದಕ್ಕೆ ಅನ್ವಯಿಕ ಕಲೆ, ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪ, ಇಂಟೀರಿಯರ್ ಡಿಸೈನ್‌ನಂಥ ವಿಷಯದ ಪದವಿ ಕೇಳುತ್ತಾರೆ, ಹಾಗಾಗಿ ಬರೀ ಬಿಎ ಮಾಡಿ ಹೋದರೆ ಬಾಗಿಲಲ್ಲೇ ನಿಲ್ಲಬೇಕಾದೀತು, ಆ ವರ್ಷದ ಪ್ರಕಟಣೆ ಮೊದಲು ಓದಿ. ರಾಯಚೂರಿನವರಿಗೆ ಪುಣೆಗೆ ನೇರ ರೈಲು, ದೂರದ ಭಯ ಬೇಡ. ಪದವಿ ಇನ್ನೂ ಆಗಿಲ್ಲದವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಹತ್ತಿರದಲ್ಲೇ ಹಂಪಿ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗ ವಿಚಾರಿಸಿ. ರಂಗಭೂಮಿಯ ದಾರಿ ಬೇಕಿದ್ದವರಿಗೆ ಹೆಗ್ಗೋಡಿನ ನೀನಾಸಂನ ಒಂದು ವರ್ಷದ ಕೋರ್ಸು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ (ಎನ್‌ಎಸ್‌ಡಿ). ದುಡ್ಡಿದ್ದರೆ ಮುಂಬೈನ ಖಾಸಗಿ ಶಾಲೆಗಳಿವೆ, ಫೀಸು ನೋಡಿಯೇ ತೀರ್ಮಾನಿಸಿ. ಓದು ಬೇಡ, ನೇರ ಕೆಲಸಕ್ಕೇ ಹೋಗುತ್ತೇನೆ ಅನ್ನುವವರು ಬೆಂಗಳೂರಿನಲ್ಲಿ ಕಲಾ ನಿರ್ದೇಶಕರ ಕೈಕೆಳಗೆ ಸಹಾಯಕರಾಗಿ ಸೇರುತ್ತಾರೆ. ಮೊದಲ ವರ್ಷ ಗೋದಾಮಿನಿಂದ ಸಾಮಾನು ತರೋದು, ಲೆಕ್ಕ ಬರೆಯೋದೇ ಆಗಿರುತ್ತದೆ. ಕೂಲಿ ಎಷ್ಟು, ಯಾವಾಗ ಅಂತ ಮೊದಲೇ ಮಾತಾಡಿಕೊಳ್ಳಿ, 'ಕಲಿಯೋಕೆ ಬಂದಿದ್ದೀಯಲ್ಲ' ಅನ್ನೋ ಮಾತಿಗೆ ಕರಗಬೇಡಿ.

ಪೋರ್ಟ್‌ಫೋಲಿಯೋ ಹದಿನೈದರಿಂದ ಇಪ್ಪತ್ತು ಪುಟ ಸಾಕು. ಮೊದಲ ಪುಟದಲ್ಲಿ ಮಿರಮಿರ ಮಿಂಚುವ ಕಾನ್ಸೆಪ್ಟ್ ಚಿತ್ರ ಇಡಬೇಡಿ, ಅಂಥದ್ದು ಈಗ ಎಲ್ಲರ ಹತ್ತಿರವೂ ಇರುತ್ತದೆ, ಎಐ ಬಂದ ಮೇಲಂತೂ ಕೇಳೋದೇ ಬೇಡ. ಮನೆ ಅಳೆದ ಆ ಮಣ್ಣು ಮೆತ್ತಿದ ಹಾಳೆ ಇಡಿ. ಪಕ್ಕದಲ್ಲಿ ಪ್ಲಾನು, ಲೆನ್ಸಿನ ಲೆಕ್ಕ, ಮಾಡೆಲ್ ಒಳಗಿನ ಫೋಟೋ, ಗೋಡೆಯ ಮಾದರಿ ಹಲಗೆಯ ಫೋಟೋ, ಒಂದು ಪುಟ ಬಜೆಟ್. ಎರಡು ಮನೆಯ ವಸ್ತುಗಳು ಎದುರುಬದುರು ಇರುವ ಒಂದು ಪುಟ ಇರಲಿ, ಎಡಕ್ಕೆ ನಿಜಾಮರ ನಾಣ್ಯ, ಬಲಕ್ಕೆ ಜಾರ್ಜ್ ದೊರೆಯ ನಾಣ್ಯ. ಗೋಡೆಯ ಮಾದರಿ ಹಲಗೆಗಳಲ್ಲಿ ಒಂದನ್ನು ಸಂದರ್ಶನಕ್ಕೆ ಕೈಯಲ್ಲೇ ತಗೊಂಡು ಹೋಗಿ, ಮುಟ್ಟಿ ನೋಡಿ ಅಂತ ಕೊಡಿ. 'ಈ ಕಲೆ ಇಲ್ಲೇ ಯಾಕೆ' ಅಂತ ಅವರು ಕೇಳಿಯೇ ಕೇಳುತ್ತಾರೆ. ಮೊದಲ ಹಂತದಲ್ಲಿ ಪಾತ್ರದ ಬಗ್ಗೆ ಬರೆದ ಪುಟವನ್ನು ಆ ಹೊತ್ತಿಗೆ ಬಾಯಿಪಾಠ ಆಗುವಷ್ಟು ಸಲ ಓದಿರಿ.